ನೀತಾ ಬಂದರೆ ನಿಲ್ಲುವ ಚೆಂಡು

ನೀತಾ ಸ್ಟೇಜಿನ ಮೆಟ್ಟಿಲಿಗೆ ಕಾಲಿಟ್ಟಳೋ ಇಲ್ಲವೋ, ನೆತ್ತಿಯ ಮೇಲೆ ತಿರುಗುತ್ತಿದ್ದ ಕನ್ನಡಿ ಚೆಂಡು ಗಕ್ಕನೆ ನಿಂತಿತು. ಗೋಡೆಯ ತುಂಬ ಓಡುತ್ತಿದ್ದ ಬೆಳಕಿನ ಚುಕ್ಕಿಗಳೆಲ್ಲ ಇದ್ದಲ್ಲೇ ನಿಂತವು. ಮತ್ತೆ!

೨೦೦೪ರ ಮೇ ತಿಂಗಳು, ಬಾಳೆಗುಳಿಯ ಸಭಾಭವನದಲ್ಲಿ ಅಣ್ಣ ವಿಕಾಸನ ರಿಸೆಪ್ಶನ್. ನೆಂಟರನ್ನು ಗುಂಪು ಗುಂಪಾಗಿ ಫೋಟೋಕ್ಕೆ ಕರೆತರುವುದು ತಂಗಿಯ ಕೆಲಸ. ಪ್ರತಿ ಗುಂಪಿನಲ್ಲೂ ವರನ ತಾಯಿ ಇರಲೇಬೇಕು. ಹಾಗಾಗಿ ಆಯಿ ಗಂಗೂಬಾಯಿಯ ಕೈಹಿಡಿದು ನೀತಾ ಹತ್ತಿದ್ದೇ ಹತ್ತಿದ್ದು, ಇಳಿದದ್ದೇ ಇಳಿದದ್ದು. ಅವಳು ಹತ್ತಿದರೆ ಚೆಂಡು ನಿಲ್ಲುತ್ತಿತ್ತು, ಇಳಿದರೆ ತಿರುಗುತ್ತಿತ್ತು.

ನೆಂಟರಿಗೇನು ಕಣ್ಣಿಲ್ಲವೇ? ಲೈಟಿನವನ ಕಣ್ಣು ಎಲ್ಲಿ ನೆಟ್ಟಿದೆಯೆಂದು ಊರಿಗೇ ಕಾಣುತ್ತಿದೆ ಎಂದು ಮಾದೇವಿ ಅತ್ತೆ ಸೊಂಟ ತಿವಿದು ಕಿಸಕ್ಕನೆ ನಕ್ಕಳು. ನೀತಾಳ ಮೈಯೆಲ್ಲ ಉರಿದುಹೋಯಿತು. ಅವಳು ಬೆಳಂಬಾರ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಜೂನಿನಲ್ಲಿ ಶಾಲೆ ತೆರೆಯುವ ಮೊದಲೇ ಈ ಸುದ್ದಿ ಅಲ್ಲಿ ಮುಟ್ಟಿರುತ್ತದೆ. ಅವಳ ಮರ್ಯಾದೆ ಏನು ಇವನ ಸ್ವಿಚ್ಚಿನಲ್ಲಿದೆಯೇ?

ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಕಾರವಾರದಲ್ಲಿ ಗೆಳತಿಯ ಮದುವೆಯಲ್ಲಿ ಈ ಚೆಂಡನ್ನೂ ಅದನ್ನು ತಿರುಗಿಸುತ್ತಿದ್ದ ಅಮದಳ್ಳಿಯ ರೂಪೇಶನನ್ನೂ ನೋಡಿ, ಅವನನ್ನೇ ಕರೆಸಬೇಕೆಂದು ಹಟ ಹಿಡಿದವಳು ಅವಳೇ. ಬೆಳಿಗ್ಗೆ ಅವನು ಚೆಂಡು ತೂಗುಹಾಕುವಾಗ ಕೆಳಗೆ ಏಣಿ ಹಿಡಿದು ನಿಂತವಳೂ ಅವಳೇ. ಪುಣ್ಯಾತ್ಮ ಇಳಿದು ಬಂದು, "ಉಪಕಾರ ಆಯ್ತು ಅಕ್ಕೋರೆ" ಎಂದಷ್ಟೇ ಹೇಳಿ ವಯರು ಸುತ್ತತೊಡಗಿದ್ದ. ಬಾಯಿಬಿಟ್ಟು ನಾಲ್ಕು ಮಾತಾಡಲಾರದವನು ಊರೆದುರು ಹೀಗೆ ಮಾಡುವುದೇ?

ಜನ ಊಟಕ್ಕೆ ಎದ್ದದ್ದೇ ತಡ, ಸ್ಟೇಜಿನ ಮಗ್ಗುಲಲ್ಲಿದ್ದ ಅವನ ಮೇಜಿನೆದುರು ಹೋಗಿ ನಿಂತಳು.

"ನಾ ಹತ್ತಿದ ಕೂಡ್ಲೆ ಎಂತಕ್ಕೆ ನಿಲ್ಲಿಸ್ತ್ರಿ? ನಂಗೆ ಮರ್ಯಾದೆ ಇಲ್ವಾ?"

ರೂಪೇಶನ ಕಿವಿ ಕೆಂಪಾಯಿತು. "ನಿಮ್ಮ ಆಯಿ ಹೇಳಿದ್ರು. ಚುಕ್ಕಿ ಓಡಿದ್ರೆ ತಲೆ ತಿರುಗ್ತದೆ, ಮೆಟ್ಲು ಕಾಣೂದಿಲ್ಲ ಅಂದ್ರು. ಅದ್ಕೇ ಅವರು ಹತ್ತುವಾಗ ನಿಲ್ಲಿಸ್ದೆ."

ಮೆಟ್ಟಿಲ ಮೇಲೆ ಆಯಿ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿಯುತ್ತಿದ್ದುದು ನೀತಾಳಿಗೆ ಈಗ ನೆನಪಾಯಿತು. ನಾಚಿಕೆಯಾಗಬೇಕಿತ್ತು, ಬಂದದ್ದು ಮೊದಲಿಗಿಂತ ದೊಡ್ಡ ಸಿಟ್ಟು. ಹಾಗಾದರೆ ತನಗಾಗಿ ಅಲ್ಲವೇ? ಬೈದುಕೊಳ್ಳುತ್ತಲೇ ಒಳಗೊಳಗೆ ಹಿಗ್ಗಿದ್ದೆಲ್ಲ ದಂಡವೇ? ಹಾಳು ಕಣ್ಣಲ್ಲಿ ನೀರೂ ಬಂತು. ಅದನ್ನು ಅವನಿಗೆ ತೋರಿಸದೆ, ಆಯಿ ಸ್ಟೇಜಿನ ಕುರ್ಚಿಯಲ್ಲಿ ಮರೆತ ಚೀಲ ತರಲು ದಡದಡನೆ ಮೆಟ್ಟಿಲು ಹತ್ತಿದಳು.

ಚೆಂಡು ನಿಂತಿತು.

ಆಯಿ ದೂರದ ಊಟದ ಸಾಲಿನಲ್ಲಿ ಕೂತು ಪಾಯಸ ಉಣ್ಣುತ್ತಿದ್ದಳು. ನೀತಾ ತಿರುಗಿ ನೋಡಿದಳು. ರೂಪೇಶನ ಕೈ ಸ್ವಿಚ್ಚಿನ ಮೇಲೇ ಇತ್ತು.

"ಈಗ ಆಯಿ ಇಲ್ವಲ್ಲ," ಎಂದು ಗದರಿದಳು. "ಇದು ಯಾರ ಸಲುವಾಗಿ?"

"ನಿಮ್ಮ ಸಲುವಾಗಿ, ನೀತಾ." ಅಕ್ಕೋರೆ ಅನ್ನಲಿಲ್ಲ. "ಬೆಳಿಗ್ಗೆ ಏಣಿ ಮೇಲಿಂದ್ಲೇ ಹೇಳ್ಬೇಕು ಅಂತಿದ್ದೆ. ಕೆಳಗೆ ನಿಮ್ಮ ಮುಖ ನೋಡಿ ನಂದೇ ತಲೆ ತಿರುಗ್ತು."

ಪಾಯಸದ ಲೋಟ ಹಿಡಿದ ಮಾದೇವಿ ಅತ್ತೆ ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದಳು. ರೂಪೇಶ ಗಾಬರಿಯಾಗಿ ಸ್ವಿಚ್ಚು ಒತ್ತಲು ಹೋದ.

"ನೋಡ್ಲಿ ಬಿಡ್ರಿ," ಎಂದಳು ನೀತಾ. "ನಾ ಇಳಿಯೂವರೆಗೆ ತಿರುಗಿಸ್ಬೇಡ್ರಿ."

ಆಮೇಲೆ ಆಯಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಆರಾಮಾಗಿ ಕೂತಳು.