ಲೇಖಕರ ಸಾಲಿನಲ್ಲಿ ಇನ್ನೊಂದು ಹೆಸರು

“ಗದ್ದ ಸ್ವಲ್ಪ ಮೇಲೆ... ಹಾಂ, ಇಲ್ಲಿ ನೋಡಿ...”

ಆ ದನಿ ಕಿವಿಗೆ ಬಿದ್ದದ್ದೇ ತಡ, ಸ್ಟುಡಿಯೋದ ಸ್ಟೂಲಿನ ಮೇಲೆ ಕೂತಿದ್ದ ಡಾಕ್ಟರಮ್ಮ ಅರ್ಧ ಎದ್ದೇಬಿಟ್ಟಳು!

ಕ್ಯಾಮೆರಾದ ಹಿಂದಿನಿಂದ ಮುಖ ಮೇಲೆದ್ದಿತು. ಅವನೇ... ಆರು ವರ್ಷದ ಹಿಂದೆ ಹೇಳದೆ ಕೇಳದೆ ಆಸ್ಪತ್ರೆ ಬಿಟ್ಟುಹೋದ ಫೋಟೋಗ್ರಾಫರ್. ಅವಳ ಬಾಯಲ್ಲಿ ‘ಕ್ಯಾಮೆರಾ ಸಾಹೇಬ್ರು’.

“ಡಾಕ್ಟ್ರಮ್ಮ... ನೀವಾ?”

“ಬಡ್ತಿ ಅರ್ಜಿಗೆ ಫೋಟೋ ಬೇಕಿತ್ತು.” ಅವಳು ಮತ್ತೆ ನೆಟ್ಟಗೆ ಕೂತಳು. “ನಮ್ಮ ಚರ್ಮರೋಗದ ಚಿತ್ರಕೋಶ ಇದೆಯಲ್ಲ, ಆನ್‌ಲೈನ್ ಪುಸ್ತಕಾನೂ ಪ್ರಕಟಣೆ ಅಂತ ಈ ವರ್ಷದಿಂದ ಒಪ್ಕೋತಾರಂತೆ.”

“ನಿಮ್ಮ ಚಿತ್ರಕೋಶ,” ಅವನು ಮೆಲ್ಲಗೆ ತಿದ್ದಿದ.

ಅವಳಿಗೆ ರೇಗಿಹೋಯಿತು. “ಒಂದು ಮಾತೂ ಹೇಳದೆ ಹೋದ್ರಲ್ಲ! ನಾನೇನು ತಪ್ಪು ಮಾಡಿದ್ದೆ?”

“ಪುಸ್ತಕದಲ್ಲೇ ಹೆಸರಿಲ್ಲದವನು ಯಾರಿಗೆ ಅಂತ ಹೇಳಿ ಹೋಗ್ಬೇಕಿತ್ತು?”

ಹೆಸರಿಲ್ಲವಾ?!

ಆಸ್ಪತ್ರೆಗೆ ಮರಳುವ ಬಸ್ಸಿನಲ್ಲಿ, ಇಬ್ಬರೂ ಸೇರಿ ಚಿತ್ರಕೋಶ ಮಾಡಿದ ಆ ಮೂರು ವರ್ಷಗಳು ಕಣ್ಣಿಗೆ ಕಟ್ಟಿದವು. ಹೊರರೋಗಿಗಳ ವಿಭಾಗದ ಕೊನೆಯ ಕೋಣೆ. ಕಿಟಕಿಯ ಬೆಳಕು ಸರಿಯಾಗುವ ತನಕ ಅವನು ಶಟರ್ ಒತ್ತುತ್ತಲೇ ಇರಲಿಲ್ಲ.

“ಫ್ಲ್ಯಾಶ್ ಹಾಕಿ ಮುಗಿಸ್ರೀ, ಹೊರಗೆ ಸಾಲು ನಿಂತಿದೆ!” ಎಂದು ಇವಳು ಕೂಗಾಡುತ್ತಿದ್ದಳು.

“ಫ್ಲ್ಯಾಶಿಗೆ ಕಪ್ಪು ಚರ್ಮದ ಮೇಲಿನ ದದ್ದು ಮಾಯವಾಗುತ್ತೆ, ಡಾಕ್ಟ್ರಮ್ಮ. ಎರಡು ನಿಮಿಷ.”

ನಾಚುವ ಅಜ್ಜಿಯರನ್ನು ಅವನು ನಗಿಸುತ್ತಿದ್ದ. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಇಬ್ಬರ ಊಟ. ಎಷ್ಟೋ ಸಲ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು... ಪುಸ್ತಕ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಿದ್ದಳು.

ಪುಸ್ತಕ ಮುಗಿದ ವಾರವೇ ಅಪ್ಪನಿಗೆ ಹೃದಯದ ಆಪರೇಷನ್. ಪುಸ್ತಕದ ಮುಖಪುಟಕ್ಕೆ ಒಪ್ಪಿಗೆ ಅಂತ ಕಚೇರಿಯವರು ಚಾಚಿದ ಕಾಗದಕ್ಕೆ ಓದದೆ ಸಹಿ ಹಾಕಿದ್ದಳು. ಅವನು ಹೋದ ಮೇಲೆ ಮುಖಪುಟ ತೆರೆಯುವ ಧೈರ್ಯವೇ ಬಂದಿರಲಿಲ್ಲ.

ಇವತ್ತು ತೆರೆದಳು. ಲೇಖಕರು: ಅವಳೊಬ್ಬಳೇ. ಕೃತಜ್ಞತೆಯ ಪುಟದಲ್ಲಿ ಡೀನ್ ಇದ್ದರು, ಕಂಪ್ಯೂಟರ್ ವಿಭಾಗವಿತ್ತು. ಅವನಿರಲಿಲ್ಲ.

‘ಅಯ್ಯೋ... ನನ್ನ ಕೈಯಾರೆ ಅವರನ್ನ ಅಳಿಸಿಬಿಟ್ಟೆನಾ!’

ಅಂದೇ ತಿದ್ದುಪಡಿ ಬರೆದು ಕಚೇರಿಗೆ ಕೊಟ್ಟಳು. ಮೂರನೇ ದಿನಕ್ಕೆ ಪುಟ ಬದಲಾಯಿತು. ನಾಲ್ಕನೇ ದಿನ ಬಡ್ತಿ ಸಮಿತಿ ಕರೆಯಿತು.

“ಒಬ್ಬರದೇ ಕೃತಿಯಾದ್ರೆ ಪೂರ್ತಿ ಅಂಕ, ಇಬ್ಬರದಾದ್ರೆ ಅರ್ಧ,” ಹಿರಿಯ ಪ್ರೊಫೆಸರ್ ಕನ್ನಡಕ ತೆಗೆದರು. “ಅರ್ಧಕ್ಕೆ ಬಡ್ತಿ ಸಿಗಲ್ಲಮ್ಮ. ಕೈಗೆ ಬಂದದ್ದು ಬಾಯಿಗೆ ಬಾರದ ಹಾಗೆ ಯಾಕೆ ಮಾಡ್ಕೋತೀರಿ?”

“ನಮ್ಮ ಜನರ ಮೈಮೇಲೆ ರೋಗ ಹೇಗೆ ಕಾಣುತ್ತೆ ಅಂತ ಹುಡುಗರು ಕಲಿತದ್ದು ಅವರ ಚಿತ್ರಗಳಿಂದ, ಸರ್. ಅವರೂ ಲೇಖಕರೇ.”

“ಅಚ್ಚಾದ ಪುಸ್ತಕ ಆಗಿದ್ದಿದ್ರೆ?”

“ಒಂದೊಂದು ಪ್ರತೀನೂ ಹುಡುಕಿ ಕೈಯಲ್ಲಿ ಬರೀತಿದ್ದೆ.”

ಹಿರಿಯರು ನಕ್ಕುಬಿಟ್ಟರು. ಆದರೂ ಅಂಕ ಅರ್ಧವೇ ಆಯಿತು.

ಸಂಜೆ ಸ್ಟುಡಿಯೋದ ಗಾಜಿನ ಬಾಗಿಲು ತಳ್ಳಿದಾಗ ಅವನು ಫೋನಿನಲ್ಲಿ ಅದೇ ಪುಟ ನೋಡುತ್ತಾ ನಿಂತಿದ್ದ. ಕಣ್ಣುಗಳು ಕೆಂಪಾಗಿದ್ದವು.

“ಬಡ್ತಿ?”

“ಮುಂದಿನ ವರ್ಷ ನೋಡೋಣ ಅಂದ್ರು.”

“ನಿಮಗೇನು ಹುಚ್ಚಾ!”

“ಓದದೆ ಸಹಿ ಹಾಕಿದ್ದು ನಾನು. ಕ್ಷಮಿಸಿ...” ಅವಳು ಹತ್ತಿರ ಬಂದಳು. “ಆರು ವರ್ಷ ನನ್ನ ಮೇಲೆ ಕೋಪ ಇತ್ತಾ?”

“ಕೋಪ ಆರು ತಿಂಗಳು ಇತ್ತು. ಆಮೇಲೆ, ಯಾವ ಮುಖ ಇಟ್ಕೊಂಡು ವಾಪಸ್ ಬರಲಿ ಅಂತ...” ಅವನು ತಲೆ ತಗ್ಗಿಸಿದ. “ನಿಮಗೆ ಮದುವೆ ಆಗಿರುತ್ತೆ ಅಂದ್ಕೊಂಡಿದ್ದೆ.”

“ಇಲ್ಲ. ಬಂದವರೆಲ್ಲ ಒಳ್ಳೆಯವರೇ. ಮನಸ್ಸು ಮಾತ್ರ ಆ ಕೋಣೆ ಬಿಟ್ಟು ಬರಲಿಲ್ಲ.”

ಅವನು ಸ್ಟೂಲು ಎಳೆದು ಅವಳ ಮುಂದಿಟ್ಟ.

“ಭಾನುವಾರ ಊಟಕ್ಕೆ ಅಮ್ಮ ಕರೆದಿದ್ದಾರೆ,” ಎಂದಳು.

“ನಾನು ಯಾರು ಅಂತ ಹೇಳಿದೀರಿ?”

“ಜೊತೆಗಾರ ಅಂತ.”

“ಪುಸ್ತಕಕ್ಕಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ‘ನೀವು’ ಅನ್ನುವುದು ಅಷ್ಟು ಹೊತ್ತಿಗೆ ಎಲ್ಲೋ ಜಾರಿಹೋಗಿತ್ತು.

“ಬರ್ತೀಯಾ?”

“ಬರ್ತೀನಿ ಕಣೇ,” ಎಂದ ಅವನು, ಅಳುತ್ತಾ, ನಗುತ್ತಾ.