ಜೂಮ್ ನಂದು

"ಮೊದ್ಲು ಇಬ್ರೂ ಕೈ ಮೂಸಿ ನೋಡ್ಕೊಳ್ಳಿ," ಎಂದ ವಿನೋದ ಮಾಮಾ.

ಅಮಿತಾ ಮೂಸಿದಳು. ಆಶಿಷನೂ ಮೂಸಿದ. ಇಬ್ಬರ ಕೈಯಲ್ಲೂ ಹುರಿದ ಬಂಗಡೆಯ ವಾಸನೆ. ಊಟವಾದ ಮೇಲೆ ತೊಳೆದದ್ದು ನಿಜ. ಆದರೆ ಅದು ತೊಳೆದದ್ದಲ್ಲ, ಕೈಗೆ ನೀರು ತೋರಿಸಿದ್ದು ಅಷ್ಟೇ. ಇಬ್ಬರೂ ಮತ್ತೆ ಬಚ್ಚಲಿಗೆ ಓಡಿ, ಸೋಪು ಹಚ್ಚಿ ತೊಳೆದು, ಒಬ್ಬರನ್ನೊಬ್ಬರು ತಳ್ಳಿಕೊಂಡು ಜಗಲಿಗೆ ವಾಪಸು ಬಂದರು.

ಜಗಲಿಯ ಬೆಂಚಿನ ಮೇಲೆ ಒಂದು ಟವೆಲ್ ಹಾಸಿತ್ತು. ಅದರ ಮೇಲೆ ಎರಡು ಕ್ಯಾಮರಾ ಕೂತಿದ್ದವು.

ವಿನೋದ ಮಾಮಾ ಅಂದರೆ ಅಮಿತಾಳ ಆಯಿಯ ತಮ್ಮ. ಕಾರವಾರದಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ಎಲ್ಲಕ್ಕೂ ಅವನೇ ಹೋಗುತ್ತಾನೆ. ಈಗ ಹೊಸ ಕ್ಯಾಮರಾ ತೆಗೆದುಕೊಂಡಿದ್ದರಿಂದ ಹಳೆಯವು ಎರಡು ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದವು. ಅಕ್ಕಂದಿರ ಮಕ್ಕಳಿಗೆ ಒಂದೊಂದು ಕೊಟ್ಟುಬಿಡೋಣ ಎಂದು ತಂದಿದ್ದ. ಆಶಿಷ ದೊಡ್ಡಮ್ಮನ ಮಗ. ಹಣಕೋಣದವನು, ಏಳನೇ ಕ್ಲಾಸು. ರಜೆಗೆಂದು ಹಾರವಾಡದ ಈ ಮನೆಗೆ ಬಂದಿದ್ದ. ಅಮಿತಾಳದು ಐದನೇ ಕ್ಲಾಸು. ಸಣ್ಣವಳು ಮೊದಲು ಆರಿಸಲಿ, ಉಳಿದದ್ದು ಆಶಿಷನಿಗೆ ಎಂದು ಮಾಮಾ ತೀರ್ಪು ಕೊಟ್ಟ. ಅವತ್ತು ಶನಿವಾರ. ಭಾನುವಾರ ಸಂಜೆ ಅವನು ಮತ್ತೆ ಬರುವವರೆಗೆ ಇಬ್ಬರೂ ಎರಡನ್ನೂ ಹಿಡಿದು ನೋಡಬಹುದು.

ಮೊದಲನೆಯದು ಡಿಎಸ್‌ಎಲ್‌ಆರ್. ಅದರ ಲೆನ್ಸನ್ನು ತಿರುಗಿಸಿ ಬಿಚ್ಚಬಹುದು, ಮುಂದೆ ಬೇರೆ ಲೆನ್ಸ್ ಸಿಕ್ಕರೆ ಹಾಕಲೂಬಹುದು. ಸದ್ಯಕ್ಕೆ ಇರುವುದು ಒಂದೇ, ಗಿಡ್ಡದು. ದೂರದ್ದು ಅದರಲ್ಲಿ ಹತ್ತಿರ ಬರುವುದಿಲ್ಲ, ನಾವೇ ನಡೆದು ಹೋಗಬೇಕು. ಆದರೆ ಬೆಳಕು ಕಡಿಮೆ ಇದ್ದರೂ ಫೋಟೋ ಚೆನ್ನಾಗಿ ಬರುತ್ತದೆ.

ಎರಡನೆಯದು ಬ್ರಿಜ್ ಕ್ಯಾಮರಾ. ಹೆಸರು ಕೇಳಿ ಆಶಿಷನಿಗೆ ಕಾಳಿ ನದಿಯ ಸೇತುವೆ ನೆನಪಾಯಿತು. ಮಾಮಾ ನಕ್ಕು, ಸಣ್ಣ ಕ್ಯಾಮರಾಕ್ಕೂ ದೊಡ್ಡ ಕ್ಯಾಮರಾಕ್ಕೂ ನಡುವೆ ಇರುವುದರಿಂದ ಆ ಹೆಸರು ಎಂದು ವಿವರಿಸಿದ. ಅದರ ಲೆನ್ಸ್ ಬಿಚ್ಚಲು ಬರುವುದಿಲ್ಲ, ಕತ್ತಲಾದರೆ ಫೋಟೋ ಮೇಲೆ ರವೆ ಚೆಲ್ಲಿದ ಹಾಗಾಗುತ್ತದೆ. ಆದರೆ ಜೂಮ್ ಮಾತ್ರ ಕೇಳಬೇಡಿ.

ಅಮಿತಾ ಕೇಳಲಿಲ್ಲ, ಒತ್ತಿಯೇ ನೋಡಿದಳು. ಲೆನ್ಸ್ ಗೊರ್ ಎನ್ನುತ್ತ ಉದ್ದಕ್ಕೆ ಹೊರಗೆ ಬಂತು. ಕಡಲಲ್ಲಿ ಚುಕ್ಕೆಯಷ್ಟಿದ್ದ ದೋಣಿ ಸ್ಕ್ರೀನಿನ ತುಂಬ ಬಂತು. ದೋಣಿಯಲ್ಲಿ ಪಪ್ಪ ಕೂತಿದ್ದ. ಗಾಳಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ, ಬೆಂಕಿಕಡ್ಡಿಯಿಂದ ಬಲು ಸುಖವಾಗಿ ಕಿವಿ ಕೆರೆದುಕೊಳ್ಳುತ್ತಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಜೂಮ್ ನಂದು," ಎಂದಳು ಅಮಿತಾ.

ಆಶಿಷನ ನಗು ನಿಂತಿತು. "ನಾಳೆವರೆಗೆ ಟೈಮ್ ಇದೆ ಅಲ್ಲಾ?"

"ನಾಳೆನೂ ನಂದೇ."

ಮಾಮಾ ಬೈಕು ಹತ್ತಿ ಹೋದ ಮೇಲೆ ಆಶಿಷ ಅಮಿತಾಳ ಹಿಂದೆ ಹಿಂದೆಯೇ ತಿರುಗಿದ. ಹಣಕೋಣದಲ್ಲಿ ಹೊಳೆಯ ಆಚೆ ದಡದ ಮರದ ತುದಿಗೆ ಕಡಲ ಹದ್ದು ಗೂಡು ಕಟ್ಟಿದೆಯಂತೆ. ಈಚೆ ದಡದಿಂದ ನೋಡಿದರೆ ಬರೀ ಕಡ್ಡಿಗಳ ರಾಶಿ ಕಾಣುತ್ತದಂತೆ. ಒಳಗೆ ಮರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಂತೆ. ಹತ್ತಿರ ಹೋದರೆ ತಾಯಿ ಹೆದರಿ ಗೂಡನ್ನೇ ಬಿಟ್ಟುಬಿಡಬಹುದು ಎಂದು ಟೀಚರ್ ಹೇಳಿದ್ದಾರಂತೆ. ಜೂಮ್ ತನಗೆ ಕೊಟ್ಟರೆ ತನ್ನ ಕ್ಯಾರಂ ಬೋರ್ಡನ್ನು ಸ್ಟ್ರೈಕರ್ ಸಮೇತ ಕೊಡುತ್ತೇನೆ ಎಂದೂ ಹೇಳಿದ.

ಅಮಿತಾ ತಲೆ ಅಲ್ಲಾಡಿಸಿದಳು.

"ನಿಂಗೆ ಎಂತಕ್ಕೆ ಅದು? ಪಪ್ಪನ ಕಿವಿ ನೋಡೂಕಾ?"

ಆಶಿಷ ಮುಖ ಊದಿಸಿಕೊಂಡು, ಡಿಎಸ್‌ಎಲ್‌ಆರ್ ಕುತ್ತಿಗೆಗೆ ಹಾಕಿಕೊಂಡು ಹಿತ್ತಲಿಗೆ ಹೋದ. ಅಮಿತಾಗೆ ಬೇಜಾರಾಯಿತು. ಆದರೆ ಕಾರಣ ಹೇಳುವಂತಿರಲಿಲ್ಲ. ಹೇಳಿದ್ದರೆ ಅದು ಪಪ್ಪನ ಕಿವಿಗೆ ಬಿದ್ದು, ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಕಾರಣ ಕಾಶಿ ಅಜ್ಜಿ, ಪಪ್ಪನ ಆಯಿ. ಒಣಹಾಕಿದ ಮೀನು ಬಾಚಿ ಬುಟ್ಟಿಗೆ ತುಂಬಿದ ಮೇಲೆ ಅಜ್ಜಿ ದಿನವೂ ಸಂಜೆ ಕಡಲತಡಿಗೆ ಹೋಗಿ ಕೂರುತ್ತಿದ್ದಳು. ಗಾಳಿಮರಗಳ ಕೆಳಗೆ ಒಳ್ಳೆಯ ಸಿಮೆಂಟ್ ಬೆಂಚಿದೆ. ಊರಿನ ಉಳಿದ ಅಜ್ಜಿಯರೆಲ್ಲ ಅಲ್ಲಿಯೇ ಕೂತು ಹರಟೆ ಹೊಡೆಯುತ್ತಾರೆ. ಕಾಶಿ ಅಜ್ಜಿ ಮಾತ್ರ ಅದನ್ನು ದಾಟಿ, ಮಂಡಿ ನೋವೆಂದು ಗೊಣಗುತ್ತಲೇ, ಕರಿಬಂಡೆಯ ಆಚೆಗೆ ಮರಳಲ್ಲಿ ನಡೆದು ಹೋಗಿ ಒಬ್ಬಳೇ ಕೂರುತ್ತಿದ್ದಳು. ಕೂತು ಉತ್ತರಕ್ಕೆ ಕಾಣುವ ಗುಡ್ಡವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ಆ ಗುಡ್ಡದ ಬುಡದಲ್ಲಿ, ಅರ್ಗಾದ ಕಡೆ, ಅವರ ಕೇರಿ ಇತ್ತು. ಪಪ್ಪ ಅಮಿತಾಳಷ್ಟು ಇದ್ದಾಗ ಅಲ್ಲಿಗೆ ನೌಕಾನೆಲೆ ಬಂತು. ದೊಡ್ಡ ಹಡಗುಗಳಿಗೆ ಜಾಗ ಬೇಕಾಗಿ ಕೇರಿಗೆ ಕೇರಿಯೇ ಎದ್ದು ಬೇರೆ ಕಡೆ ಹೋಯಿತು. ಈಗ ಅಲ್ಲಿ ಎತ್ತರದ ಗೋಡೆ, ಗೇಟು. ನಾವು ಹೋಗುವಂತಿಲ್ಲ. ಪಾಪ, ಅಜ್ಜಿಗೆ ತನ್ನ ಊರು ಕಾಣಬೇಕೆಂದು ಆಸೆ, ಆದರೆ ಇಲ್ಲಿಂದ ಗುಡ್ಡ ಬಿಟ್ಟು ಏನೂ ಕಾಣುವುದಿಲ್ಲ ಎಂದು ಅಮಿತಾ ಎಷ್ಟೋ ದಿನದಿಂದ ಮರುಗುತ್ತಿದ್ದಳು. ಜೂಮ್ ಇದ್ದರೆ ಒಂದು ಸಲ ತೋರಿಸಬಹುದಲ್ಲ. ಬಾವಿ ಕಂಡರೂ ಕಂಡೀತು. ಅಂಗಳದ ತೆಂಗಿನಮರವಾದರೂ ಕಂಡೀತು.

ತೊಂದರೆ ಒಂದೇ. ದಡಕ್ಕೆ ಬಂದ ಪಪ್ಪ ಕ್ಯಾಮರಾ ನೋಡಿದ ಕೂಡಲೇ ಇಬ್ಬರನ್ನೂ ಕರೆದು, ಬೇಕಾದ್ದರ ಫೋಟೋ ತೆಗೆಯಿರಿ, ನೇವಿಯವರ ಕಡೆ ಮಾತ್ರ ತಿರುಗಿಸಬೇಡಿ ಎಂದಿದ್ದ. ಹೈವೇ ಪಕ್ಕದಲ್ಲಿ ಕ್ಯಾಮರಾದ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಎಳೆದ ಬೋರ್ಡನ್ನು ಅಮಿತಾಳೂ ನೋಡಿದ್ದಳು. ಆದರೆ ಅವಳು ಒಳಗೊಳಗೇ ಒಂದು ಉಪಾಯ ಮಾಡಿಕೊಂಡಿದ್ದಳು. ಕ್ಲಿಕ್ ಮಾಡದಿದ್ದರೆ ಅದು ಫೋಟೋ ಹೇಗಾಗುತ್ತದೆ? ಬರೀ ನೋಡಿದರೆ ತಪ್ಪಲ್ಲ. ತಪ್ಪಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ಪಪ್ಪನನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಸಂಜೆ ಅವಳು ಕ್ಯಾಮರಾವನ್ನು ಚೀಲದಲ್ಲಿ ಅಡಗಿಸಿಕೊಂಡು ಅಜ್ಜಿಯ ಹಿಂದೆಯೇ ಹೋದಳು. ಸೂರ್ಯ ಮುಳುಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಅಜ್ಜಿ ತನ್ನ ಜಾಗದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು ಗುಡ್ಡದ ಕಡೆ ನೋಡಿದಳು. ಅಮಿತಾ ಪಕ್ಕದಲ್ಲಿ ಕೂತು ಕ್ಯಾಮರಾ ಎತ್ತಿ ಹಿಡಿದಳು. ಲೆನ್ಸ್ ಗೊರ್ ಎಂದಿತು.

"ಅಜ್ಜೀ, ಇದ್ರಲ್ಲಿ ನೋಡು. ನಿನ್ನ ಮನೆ ಬರ್ತಾ ಇದೆ."

ಸ್ಕ್ರೀನಿನಲ್ಲಿ ಗುಡ್ಡ ಬೆಳೆಯತೊಡಗಿತು. ಅಷ್ಟರಲ್ಲಿ ಎಲ್ಲ ಕಪ್ಪಾಯಿತು. ಕ್ಯಾಮರಾ ಕೆಟ್ಟಿತು ಎಂದೇ ಅಮಿತಾ ಗಾಬರಿಯಾದಳು. ಕೆಟ್ಟಿರಲಿಲ್ಲ. ಅಜ್ಜಿ ಲೆನ್ಸಿನ ಮೇಲೆ ತನ್ನ ಅಂಗೈ ಇಟ್ಟಿದ್ದಳು.

"ಬೇಡ ಮಗಾ. ಹತ್ರ ತರಬೇಡ."

ಅಮಿತಾ ಅಳುಮೋರೆ ಮಾಡಿಕೊಂಡು ತನ್ನ ಉಪಾಯವನ್ನೆಲ್ಲ ಹೇಳಿದಳು. ಕ್ಲಿಕ್ ಮಾಡುತ್ತಿರಲಿಲ್ಲ, ದೇವರಾಣೆಗೂ ಮಾಡುತ್ತಿರಲಿಲ್ಲ ಎಂದಳು. ಪಪ್ಪ ಬೇಡವೆಂದ ಮೇಲೆ ಬೇಡ, ಅದು ಮೊದಲನೆಯ ಮಾತು ಎಂದಳು ಅಜ್ಜಿ. ಆದರೆ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಯಾಮರಾವನ್ನು ಚೀಲಕ್ಕೆ ಹಾಕಿಸಿ, ಅಮಿತಾಳನ್ನು ತನ್ನ ಮುಂದೆ ಕೂರಿಸಿಕೊಂಡು, ಅವಳ ತಲೆಯನ್ನು ಎರಡೂ ಕೈಯಿಂದ ಹಿಡಿದು ಗುಡ್ಡದ ಕಡೆ ತಿರುಗಿಸಿದಳು.

"ಗುಡ್ಡಕ್ಕೆ ಎಷ್ಟು ತಲೆ?"

"ಒಂದು."

"ಈಗ ಬೆಂಚಿನ ಹತ್ರ ಹೋಗಿ ನೋಡ್ಕೊಂಡು ಬಾ."

ಅಮಿತಾ ಕರಿಬಂಡೆ ದಾಟಿ ಬೆಂಚಿನ ತನಕ ಓಡಿದಳು. ಅಲ್ಲಿಂದ ನೋಡಿದರೆ ಗುಡ್ಡಕ್ಕೆ ಎರಡು ತಲೆ. ಒಂದರ ಹಿಂದಿನಿಂದ ಇನ್ನೊಂದು ಇಣುಕುತ್ತಿತ್ತು. ಅಜ್ಜಿಯ ಜಾಗಕ್ಕೆ ವಾಪಸು ಬರುತ್ತ ಬರುತ್ತ ಹಿಂದಿನ ತಲೆ ಮೆಲ್ಲಗೆ ಜರುಗಿ ಮುಂದಿನದರ ಹಿಂದೆ ಅಡಗಿಕೊಂಡಿತು.

"ಆ ಕೇರಿಗೆ ನಾ ಮದುವಣಗಿತ್ತಿ ಆಗಿ ದೋಣಿಲಿ ಬಂದದ್ದು," ಎಂದಳು ಅಜ್ಜಿ. "ಅಳೂದೇ ಅಳೂದು. ಆಗ ನಿನ್ನ ಅಜ್ಜ ಹೇಳ್ದ, ಆ ಗುಡ್ಡದ ಎರಡು ತಲೆ ಒಂದಾಯ್ತು ನೋಡು, ಇನ್ನು ಸೀದಾ ಹೋದ್ರೆ ನಮ್ಮನೆ ಅಂತ. ಕಡಲಿಗೆ ಹೋದವ್ರೆಲ್ಲ ಹಾಂಗೇ ಮನೆಗೆ ಬರೂದಾಗಿತ್ತು."

ಸೆರಗಿಗೆ ಹತ್ತಿದ ಮರಳು ಕೊಡವಿ ಅವಳು ಮತ್ತೆ ಹೇಳಿದಳು: "ಹತ್ರ ತಂದ್ರೆ ಈಗ ಅಲ್ಲಿ ಇರೂದು ಕಾಣ್ತದೆ. ಇಲ್ಲಿಂದ ನೋಡಿದ್ರೆ ನಂಗೆ ಎಲ್ಲಾ ಇದ್ದಾಂಗೇ ಇದೆ. ಒಲೆ ಹೊಗೆ ಒಂದು ಕಾಣೂದಿಲ್ಲ, ಅಷ್ಟೇಯ."

ಅಮಿತಾ ಇಷ್ಟು ದಿನ ಅಜ್ಜಿಗೆ ಕಾಣುವುದಿಲ್ಲ ಎಂದುಕೊಂಡಿದ್ದಳು. ಅಜ್ಜಿಗೆ ಕಾಣುತ್ತಿತ್ತು. ಕಾಣದೇ ಇದ್ದದ್ದು ಅಮಿತಾಳಿಗೆ.

ಹೊರಡುವ ಮೊದಲು ಅವಳು ಸ್ವಲ್ಪ ದೂರ ಹೋಗಿ, ಕಡಲಿಗೆ ಬೆನ್ನು ಹಾಕಿ ನಿಂತು, ಅಜ್ಜಿಯದೇ ಒಂದು ಫೋಟೋ ತೆಗೆದಳು. ಅಷ್ಟರಲ್ಲಿ ಬೆಳಕು ಇಳಿದಿತ್ತು. ಮಾಮಾ ಹೇಳಿದ್ದು ಸುಳ್ಳಲ್ಲ. ಅಜ್ಜಿಯ ಮುಖದ ತುಂಬ ರವೆ ಚೆಲ್ಲಿತ್ತು. ಸಾಲದ್ದಕ್ಕೆ ಅವಳ ಅಂಗೈಯ ಎಣ್ಣೆ ಲೆನ್ಸಿಗೆ ತಾಗಿ ಎಲ್ಲ ಮಂಜು ಮಂಜು.

ಮರುದಿನ ಬೆಳಿಗ್ಗೆ ಆಶಿಷ ಜಗಲಿಯಲ್ಲಿ ಕೂತು ತಾನು ತೆಗೆದ ಏಡಿಗಳ ಫೋಟೋ ನೋಡುತ್ತಿದ್ದ. ಹತ್ತಿರ ಹೋದ ಕೂಡಲೇ ಏಡಿಗಳು ಬಿಲ ಸೇರಿದ್ದರಿಂದ ಹೆಚ್ಚಿನ ಫೋಟೋಗಳಲ್ಲಿ ಇದ್ದದ್ದು ಬಿಲ ಮಾತ್ರ. ಅಮಿತಾ ಬಂದು, ಇವತ್ತು ಅದಲು ಬದಲು ಮಾಡಿಕೊಳ್ಳೋಣ ಎಂದಳು.

ಆಶಿಷ ಅವಳನ್ನು ಅನುಮಾನದಿಂದ ನೋಡಿದ. "ಎಂತಕ್ಕೆ? ಜೂಮ್ ಹಾಳು ಮಾಡಿದ್ಯಾ?"

"ಇಲ್ಲ ಮಾರಾಯ."

ಅವನು ನಂಬಲಿಲ್ಲ. ಗೊರ್ ಗೊರ್ ಎಂದು ಹಿಂದೆ ಮುಂದೆ ಓಡಿಸಿ, ಎದುರಿನ ತೆಂಗಿನಮರದ ಕಾಗೆಯ ಕೊಕ್ಕಿನ ತನಕ ಹೋಗಿಬಂದ ಮೇಲೆಯೇ ಡಿಎಸ್‌ಎಲ್‌ಆರ್ ಬಿಟ್ಟುಕೊಟ್ಟ.

ಆ ಸಂಜೆ ಅಮಿತಾ ಏನನ್ನೂ ಅಡಗಿಸಲಿಲ್ಲ. ಪಪ್ಪನಿಗೆ ಹೇಳಿಯೇ ಹೊರಟಳು. ಅಜ್ಜಿ ಎಂದಿನ ಜಾಗದಲ್ಲಿ ಕೂತಳು. ಅಮಿತಾ ಗುಡ್ಡಕ್ಕೆ ಬೆನ್ನು ಮಾಡಿ ಅಜ್ಜಿಯ ಎದುರು ನಿಂತಳು. ಕ್ಯಾಮರಾಕ್ಕೆ ಕಣ್ಣಿಟ್ಟು ನೋಡಿದರೆ ಅಜ್ಜಿ ಎಲ್ಲೋ ಇದ್ದಾಳೆ, ಸುತ್ತ ಬರೀ ಮರಳು. ಎರಡು ಹೆಜ್ಜೆ ಮುಂದೆ ಬಂದಳು. ಇನ್ನೂ ಸಾಲದು. ಮತ್ತೆ ಬಂದಳು. ಕೊನೆಗೆ ಅಜ್ಜಿಯ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಬಂದು ಮರಳಲ್ಲೇ ಕೂತುಬಿಟ್ಟಳು.

"ಇಷ್ಟು ಹತ್ರ ಬಂದ್ರೆ ನನ್ನ ಮೂಗೊಂದೇ ಬರ್ತದೆ," ಎಂದು ಅಜ್ಜಿ ನಕ್ಕಳು.

"ನೀ ನನ್ನ ನೋಡ್ಬೇಡ ಅಜ್ಜೀ. ಗುಡ್ಡ ನೋಡು."

ಅಜ್ಜಿ ಅವಳ ಹೆಗಲಿನ ಮೇಲಿಂದ ನೋಡಿದಳು. ನಗು ನಿಧಾನವಾಗಿ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಕಣ್ಣು ಕಿರಿದಾಯಿತು. ಅಮಿತಾ ಉಸಿರು ಹಿಡಿದು ಕ್ಲಿಕ್ ಮಾಡಿದಳು.

ದೀಪ ಹಚ್ಚುವ ಹೊತ್ತಿಗೆ ವಿನೋದ ಮಾಮಾ ಬಂದ. ಆಶಿಷ ಜೂಮ್ ಕ್ಯಾಮರಾವನ್ನು ತೊಡೆಯ ಮೇಲೆ ಇಟ್ಟುಕೊಂಡು, ಇನ್ನೇನು ಕಸಿದುಕೊಳ್ಳುತ್ತಾರೆ ಎನ್ನುವಂತೆ ಕೂತಿದ್ದ. ಮಾಮಾ ಕೇಳುವ ಮೊದಲೇ ಅಮಿತಾ ಅದನ್ನು ಕೇಳಿ ತೆಗೆದುಕೊಂಡಳು. ಅವನ ಮುಖ ಸಣ್ಣದಾಯಿತು. ಅವಳು ಫ್ರಾಕಿನ ಅಂಚಿನಿಂದ ಲೆನ್ಸಿನ ಮೇಲೆ ಇನ್ನೂ ಉಳಿದಿದ್ದ ಅಂಗೈಯ ಗುರುತನ್ನು ಮೆಲ್ಲಗೆ ಒರೆಸಿ, ಕ್ಯಾಮರಾವನ್ನು ಮತ್ತೆ ಅವನ ತೊಡೆಯ ಮೇಲೇ ಇಟ್ಟಳು.

"ಹದ್ದಿನ ಮರಿ ಕಂಡ್ರೆ ನಂಗೂ ತೋರ್ಸು."

ಆಶಿಷ ಕ್ಯಾಮರಾವನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಕ್ಯಾರಂ ಬೋರ್ಡ್ ಈಗಲೂ ಅವಳಿಗೇ ಎಂದ.

ಮಾಮಾ ಡಿಎಸ್‌ಎಲ್‌ಆರ್ ಎತ್ತಿಕೊಂಡು ಫೋಟೋಗಳನ್ನು ಒಂದೊಂದಾಗಿ ಸರಿಸಿದ. ಬಿಲ, ಬಿಲ, ಅರ್ಧ ಏಡಿ, ಬಿಲ. ಆಮೇಲೆ ಅಜ್ಜಿ ಬಂದಳು. ಅಲ್ಲಿ ಅವನ ಬೆರಳು ನಿಂತಿತು. ಕಡಿಮೆ ಬೆಳಕಿನಲ್ಲೂ ಅಜ್ಜಿಯ ಮುಖದ ಒಂದೊಂದು ಗೆರೆಯೂ ಇತ್ತು. ಮದುವೆ ಮನೆಗಳಲ್ಲಿ ಸಾವಿರ ಮುಖ ನೋಡಿದ ಮಾಮಾ ಇದನ್ನು ಬಹಳ ಹೊತ್ತು ನೋಡಿದ.

"ಅಜ್ಜಿ ಎಂತ ನೋಡ್ತಾ ಇದ್ರು ಆವಾಗ?"

"ಮನೆ," ಎಂದಳು ಅಮಿತಾ.

ಮಾಮಾ ಫೋಟೋವನ್ನು ದೊಡ್ಡದು ಮಾಡಿ, ಅಜ್ಜಿಯ ಹಿಂದೆ, ಅಕ್ಕಪಕ್ಕ, ಎಲ್ಲ ಕಡೆ ಮನೆ ಹುಡುಕಿದ. ಮರಳು ಬಿಟ್ಟು ಏನೂ ಇರಲಿಲ್ಲ. ಅಮಿತಾ ಬಾಗಿಲ ಹತ್ತಿರ ಒಣಮೀನಿನ ಬುಟ್ಟಿ ಮುಚ್ಚುತ್ತಿದ್ದ ಅಜ್ಜಿಯ ಪಕ್ಕಕ್ಕೆ ಹೋಗಿ ಕೂತಳು.