ಎಡಗಡೆಯ ಬಾಗಿಲು

"ಎಡಗಡಿ ಬಾಗಲಾ ಸೀಟಿ ಹೊಡಿತೈತ್ರಿ. ಹೊಡೀಲಿ, ಬಿಟ್ಟಬಿಡ್ರಿ," ಎಂದ ಸಾತಪ್ಪ, ತಾನು ಮಾರಿದ ಪಿಕಪ್ಪಿನ ಚಾವಿಯನ್ನು ಇನ್ನೂ ಕೈಬಿಡದೆ. "ಅದನ್ನ ಬಂದ್ ಮಾಡ್ಸಾಕ ಮಾತ್ರ ಹೋಗಬ್ಯಾಡ್ರಿ ಸಾಹೇಬ್ರ. ಆ ಬಾಗಲಾ ಪೂರಾ ಕೂಡಬಾರದು."

ಮಂದಾರ ನಕ್ಕುಬಿಟ್ಟ. ಪುಣೆಯ ಮೋಟಾರು ಕಾರ್ಖಾನೆಯೊಂದರಲ್ಲಿ ಮೂರು ವರ್ಷ ಬರೀ ಬಾಗಿಲುಗಳನ್ನೇ ತಪಾಸಣೆ ಮಾಡಿದವನು ಅವನು. ಕಾಕಾ ಗೋಪಾಲರಾಯರ ಸೀರೆ ವ್ಯಾಪಾರಕ್ಕೆ ಕೈಜೋಡಿಸಲು ರಬಕವಿಗೆ ಬಂದು ಎರಡು ತಿಂಗಳಾಗಿರಲಿಲ್ಲ. ಬಾಗಿಲು ಕೂಡಬಾರದಂತೆ! "ಕೂಡದಿದ್ದರ ಅದಕ್ಕ ಬಾಗಿಲಾ ಅಂತ ಯಾಕನ್ನಬೇಕು?" ಎಂದು ಚಾವಿ ಕಿತ್ತುಕೊಂಡ. ಸಾತಪ್ಪ ನಗಲಿಲ್ಲ. ಹನ್ನೊಂದು ವರ್ಷ ಓಡಿಸಿದ ಗಾಡಿಯನ್ನು ತಿರುಗಿಯೂ ನೋಡದೆ ಹೊರಟುಹೋದ.

ಅದು ಎರಡು ಸಾವಿರದ ಹನ್ನೊಂದರ ಆಷಾಢ. ಬಯಲಿನ ಮೇಲೆ ಗಾಳಿ ಹಗಲೂ ರಾತ್ರಿ ಬೀಸುತ್ತಿತ್ತು. ವೇಗ ನಲವತ್ತು ದಾಟಿದರೆ ಸಾಕು, ಎಡಬಾಗಿಲಿನ ಮೇಲಿನ ಮೂಲೆಯಿಂದ ಸಣ್ಣಗೆ ಶುರುವಾಗುವ ಸೀಟಿ, ಅರವತ್ತಕ್ಕೆ ಕಿವಿಯೊಳಗೆ ದಬ್ಬಣ ತೂರಿಸಿದಂತೆ ಚುಚ್ಚುತ್ತಿತ್ತು. ನಾಲ್ಕನೆಯ ದಿನಕ್ಕೆ ಮಂದಾರ ಜಮಖಂಡಿಯ ಹೊರಗಿದ್ದ ಗಿರಮಲ್ಲಪ್ಪನ ಗ್ಯಾರೇಜಿಗೆ ಗಾಡಿ ಒಯ್ದು, ಬಾಗಿಲ ಸಂದಿಯಲ್ಲಿ ಕಾಗದದ ಚೂರಿಟ್ಟು ಮುಚ್ಚಿ, ಒಂದೊಂದೇ ಕಡೆ ಎಳೆದು ತೋರಿಸಿದ. ಕೆಳಗೆಲ್ಲ ಕಾಗದ ಬಿಗಿಯಾಗಿ ಹಿಡಿಯಿತು. ಮೇಲಿನ ಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿ ಬಂತು.

"ರಬ್ಬರ್ ಕೂತಿಲ್ಲ. ಹೊಸಾದು ಹಾಕು."

ಗಿರಮಲ್ಲಪ್ಪ ಹಳೆಯ ರಬ್ಬರ್ ಪಟ್ಟಿಯ ತುದಿ ಹಿಡಿದು ಎಳೆದವನು ಥಟ್ಟನೆ ಕೈ ಹಿಂದೆಗೆದ. ಪಟ್ಟಿಯ ಅಡಿಯಲ್ಲಿ, ಸಾಲಾಗಿ, ಏಳು ಕರಿಬಟ್ಟೆಯ ಗಂಟುಗಳು. ಒಂದೊಂದಕ್ಕೂ ಉದ್ದನೆಯ ನರೆಗೂದಲು ಸುತ್ತಿತ್ತು. ಅವೇ ಬಾಗಿಲನ್ನು ಪೂರ್ತಿ ಕೂಡಗೊಡದೆ ತಡೆದದ್ದು.

"ಇದು ಸಾತಪ್ಪನ ಗಾಡಿ ಏನ್ರಿ?" ಗಿರಮಲ್ಲಪ್ಪನ ದನಿ ಇಳಿಯಿತು. "ಮೊದಲ ಹೇಳಿದ್ರ ನಾ ಕೈನ ಹಚ್ಚತಿರಲಿಲ್ಲ."

ಆಮೇಲೆ ಹೇಳಿದ. ಅಣೆಕಟ್ಟಿಗೆ ನೀರು ನಿಲ್ಲಿಸಿದ ವರ್ಷ ಅನಗವಾಡಿಯ ಆಚೆಗೆ ಹೊಳೆದಂಡೆಯ ಒಂದು ಹಳ್ಳಿ ಖಾಲಿಯಾಯಿತು. ಅಲ್ಲಿಯ ಜನ, ಸಾಮಾನು, ಆಡುಕುರಿ ಎಲ್ಲವನ್ನೂ ಹೊಸ ಊರಿಗೆ ಸಾಗಿಸಿದ್ದು ಇದೇ ಪಿಕಪ್ಪು. ಕೊನೆಗೆ ಉಳಿದವಳು ಕರೆವ್ವ ಎಂಬ ಒಂಟಿ ಮುದುಕಿ. ಮಾಟ ಬಲ್ಲವಳೆಂದು ಅವಳ ಪಕ್ಕ ಕೂರಲು ಯಾರೂ ಒಪ್ಪಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಎಡಬಾಗಿಲು ಹಿಡಿದು, "ತಮ್ಮಾ, ತುಸು ಜಾಗಾ ಕೊಡೋ," ಎಂದು ಬೇಡಿಕೊಂಡಳಂತೆ. ಸಾತಪ್ಪ ಅವಳನ್ನು ನೂಕಿ ಬಾಗಿಲು ಹಾಕಿಕೊಂಡ. ಮರುದಿನ ಅಲ್ಲಿ ಮನೆಯೂ ಇರಲಿಲ್ಲ, ಮುದುಕಿಯೂ ಇರಲಿಲ್ಲ.

"ಗಾಡಿ ಹೊಂಡೂ ಮುಂದ ಶಾಪಾ ಹಾಕ್ಯಾಳ್ರಿ. ಈ ಬಾಗಲಾ ಪೂರಾ ಮುಚ್ಚಿದ ದಿನಾ ಒಳಗ ಕುಂತಾವರ ಜಾಗಾ ನಂದು ಅಂತ. ಸಾತಪ್ಪ ಯಾವನೋ ಮಂತ್ರದವನ್ನ ಹಿಡದು ಈ ಗಂಟ ಹಾಕಿಸ್ಯಾನು. ಸಂದಿ ಇರೂತನಕ ಆಕಿ ಹೊರಗ."

"ಮತ್ತ ಸಂದಿ ಹೋದರ?"

ಗಿರಮಲ್ಲಪ್ಪ ಕೈ ಒರೆಸಿಕೊಂಡು ದೂರ ಹೋಗಿ ನಿಂತ.

ಮಂದಾರ ತಾನೇ ಇಕ್ಕಳ ತಂದ. ಒಂದು, ಎರಡು, ಮೂರು. ಗಂಟುಗಳು ಹಲ್ಲು ಕಿತ್ತಂತೆ ಕಿತ್ತುಬಂದವು. ಬಿಸಿಲಿಗೆ ಕಾದ ಗ್ಯಾರೇಜಿನಲ್ಲಿ ಎಲ್ಲಿಂದಲೋ ಕೊಳೆತ ಜೊಂಡಿನ, ಹಸಿ ರಾಡಿಯ ವಾಸನೆ ಹಬ್ಬಿತು. ಏಳನ್ನೂ ಚರಂಡಿಗೆ ಎಸೆದು, ಹೊಸ ರಬ್ಬರನ್ನು ಅಂಟು ಹಚ್ಚಿ ಕೂಡಿಸಿ, ಬಾಗಿಲು ಹಾಕಿದ. ದಪ್ಪನೆಯ, ಮೆತ್ತನೆಯ ಸದ್ದು. ಪೆಟ್ಟಿಗೆ ಮುಚ್ಚಿದಂತೆ.

ಮರುದಿನ ಮಧ್ಯಾಹ್ನ ಸೀರೆಯ ಗಂಟುಗಳನ್ನು ಹೇರಿಕೊಂಡು ಬಾಗಲಕೋಟೆಗೆ ಹೊರಟ. ಅಲ್ಲಿದ್ದ ತಂಗಿಯನ್ನು ನೋಡಬೇಕೆಂದು ಕಾಕಾನ ಹೆಂಡತಿ, ಕಾಕೂ ಇಂದಿರಾಬಾಯಿ, ಜೊತೆಗೆ ಬಂದರು. ತಾಯಿಯಿಲ್ಲದ ಮಂದಾರನಿಗೆ ರಜೆಯಲ್ಲೆಲ್ಲ ಎಣ್ಣೆ ಹಚ್ಚಿ ಎರೆದು ಬೆಳೆಸಿದ ಜೀವ ಅದು. ಬೀಳಗಿ ದಾಟುವವರೆಗೂ ಒಳಗೆ ಒಂದಿಷ್ಟೂ ಸದ್ದಿರಲಿಲ್ಲ. ಹೊರಗೆ ಜೋಳದ ದಂಟು ನೆಲಕ್ಕೆ ಬಾಗುವಂಥ ಗಾಳಿ. ಒಳಗೆ ಕಾಕೂನ ಬಳೆಯ ದನಿ.

"ಏನು ತಂಪದ ಅಪ್ಪಾ! ಕಾರಿನ್ಹಂಗ ಆಗೇದ," ಎಂದರು. ತುಸು ಹೊತ್ತಿಗೆ ಕತ್ತು ತಿರುಗಿಸಿದರು. "ಯಾರೋ ಬಾಗಲಾ ಬಡೀಲಿಕ್ಕೆ ಹತ್ತ್ಯಾರಲ್ಲೋ?"

ಮಂದಾರನಿಗೂ ಕೇಳಿಸಿತು. ಟಕ್. ಟಕ್. ಗಾಡಿ ಅರವತ್ತರಲ್ಲಿ ಓಡುತ್ತಿತ್ತು.

"ಕಲ್ಲು ಸಿಡದಿರಬೇಕು ಕಾಕೂ."

"ಅಲ್ಲೋ. ಜಾಗಾ ಕೇಳ್ಲಿಕ್ಕೆ ಹತ್ತ್ಯಾರ." ಕಾಕೂ ಮೆಲ್ಲಗೆ ಅವನ ಕಡೆಗೆ ಸರಿದರು. "ಸರೀತೀನಿ ತಡೀ. ಪಾಪ, ವಯಸ್ಸಾದಾಕಿ."

ಕೊಳೆತ ಜೊಂಡಿನ ವಾಸನೆ ಗಪ್ಪನೆ ಏರಿತು. ಮಂದಾರ ಗಾಜು ಇಳಿಸಲು ಹೋದ. ಹಿಡಿಕೆ ಬರಿದೇ ತಿರುಗಿತು. ಕಾಕೂ ಮತ್ತೆ ಸರಿದರು. ಅವರ ತೋಳು ಅವನ ತೋಳಿಗೆ ತಾಗಿತು. ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅವರಿಗೂ ಬಾಗಿಲಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿಯಾಗಿತ್ತು. ಅಲ್ಲಿ ಸೀಟು ತಗ್ಗಾಗಿ ಒತ್ತಿತ್ತು. ಒದ್ದೆಯಾಗಿತ್ತು. ನೀರು ತೊಟ್ಟಿಕ್ಕುತ್ತಿತ್ತು.

ಅನಗವಾಡಿಯ ಸೇತುವೆಗೆ ಹೋಗುವ ದಾರಿ ಬಲಕ್ಕಿತ್ತು. ಸ್ಟಿಯರಿಂಗ್ ಎಡಕ್ಕೆ ಎಳೆಯಿತು. ಬ್ರೇಕ್ ತುಳಿದ. ನಿಲ್ಲಲಿಲ್ಲ. ಎದುರಿಗೆ ಹಳೆಯ ರಸ್ತೆ, ಎರಡೂ ಕಡೆ ಜಾಲಿ, ಮುಂದೆ ಇಳಿಜಾರು. ಡಾಂಬರು ನೇರವಾಗಿ ಹೊಳೆಯೊಳಗೆ ಹೋಗಿ ಮುಳುಗಿತ್ತು. ಘಟ್ಟದ ಮಳೆಗೆ ತುಂಬಿದ ಕೆನ್ನೀರು ದಡ ನೆಕ್ಕುತ್ತಿತ್ತು. ಧೂಳು ಎದ್ದು ಸೂರ್ಯನನ್ನೇ ನುಂಗಿತು. ಒಳಗೆ ಕತ್ತಲು.

"ಕಾಕೂ!"

ಕಾಕೂನ ಬಾಯಿ ತೆರೆದಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ. ತನ್ನ ಕಡೆಯ ಬಾಗಿಲು ಒದ್ದ. ಅದು ಅಲುಗಲಿಲ್ಲ. ಮುಂದಿನ ಗಾಲಿಗಳು ನೀರಿಗಿಳಿದವು.

ಸಂದಿ ಇರುವತನಕ ಅವಳು ಹೊರಗೆ.

ಮಂದಾರ ಕಾಕೂನ ಮೈಮೇಲೆ ಹಾಯ್ದು ಎಡಬಾಗಿಲಿನ ಹಿಡಿಕೆ ಜಗ್ಗಿದ. ಭುಜ ಕೊಟ್ಟು ನೂಕಿದ. ಎರಡು ಬೆರಳಷ್ಟು ತೆರೆಯಿತು. ಆ ಸಂದಿಗೆ ಎಡಗೈ ತುರುಕಿದ. ಬಾಗಿಲು ಬಡಿಯಿತು. ಎಲುಬು ಮುರಿದ ಸದ್ದು ಅವನಿಗೇ ಕೇಳಿಸಿತು. ಕೂಗಿದ. ಆ ಕೂಗಿನ ಮೇಲೆ ಇನ್ನೊಂದು ಸದ್ದು ಎದ್ದಿತು. ಗಾಳಿಯ ಸೀಟಿ. ತೆಳ್ಳಗೆ. ಚೂಪಾಗಿ. ದೇವರ ಗಂಟೆಯಂತೆ.

ಕಾಕೂ ದೀರ್ಘವಾಗಿ ಉಸಿರೆಳೆದರು. ಬಲಬಾಗಿಲು ತಾನಾಗಿ ಬಿಚ್ಚಿಕೊಂಡಿತು.

ಇನ್ನು ಕೈ ತೆಗೆಯಬೇಕು. ಜಗ್ಗಿದ. ಎರಡು ಬೆರಳು ಅಲ್ಲೇ ಉಳಿದವು. ಬಾಗಿಲು ದಪ್ಪನೆ, ಮೆತ್ತಗೆ, ಪೂರ್ತಿಯಾಗಿ ಮುಚ್ಚಿಕೊಂಡಿತು. ಅದೇ ಗಳಿಗೆಯಲ್ಲಿ ಅವನು ಕಾಕೂನ ಸೊಂಟಕ್ಕೆ ತೋಳು ಹಾಕಿ ಬಲಗಡೆಯಿಂದ ಹೊರಗೆ ಬಿದ್ದ. ಎದೆಮಟ್ಟದ ನೀರು. ಎಳೆದುಕೊಂಡು ಬಂದು ದಡದ ಕೆಸರಿನಲ್ಲಿ ಇಬ್ಬರೂ ಕುಸಿದರು.

ಪಿಕಪ್ಪು ಉರುಳುತ್ತ ಹೊಳೆಗಿಳಿಯಿತು. ಸೀರೆಯ ಗಂಟುಗಳು ಬಿಚ್ಚಿ ತೇಲಿದವು. ಮುಳುಗುವ ಮುನ್ನ ಎಡಗಡೆಯ ಗಾಜಿಗೆ ಒಳಗಿನಿಂದ ಎರಡು ಅಂಗೈ ಬಡಿದವು. ಮತ್ತೆ ಮತ್ತೆ ಬಡಿದವು. "ಮಂದಾರಾ," ಎಂಬ ಕೂಗು ಗಾಳಿಯಲ್ಲಿ ಬಂತು. ಅವನು ರಕ್ತ ಸುರಿಯುವ ಕೈಯನ್ನು ಎದೆಗೊತ್ತಿ ಹಲ್ಲು ಕಚ್ಚಿದ. "ಕೂಗು. ಎಷ್ಟು ಬೇಕಾದರೂ ಕೂಗು," ಎಂದ. ನೀರು ಮುಚ್ಚಿಕೊಂಡಿತು.

ಹೊಳೆ ತುಂಬಿದ್ದರಿಂದ ಗಾಡಿ ಸಿಗಲಿಲ್ಲ. ಹನ್ನೆರಡು ದಿನದ ಮೇಲೆ ಮಂದಾರ ಆಸ್ಪತ್ರೆಯಿಂದ ರಬಕವಿಗೆ ಮರಳಿದ. ಕಾಕೂ ಮನೆಗೆ ಬಂದಾಗಿನಿಂದ ತುಟಿ ಬಿಚ್ಚಿಲ್ಲವೆಂದು ಗೋಪಾಲಕಾಕಾ ಬಾಗಿಲಲ್ಲೇ ಪಿಸುಗುಟ್ಟಿದರು. "ಅಂಜ್ಯಾಳ. ಹೊತ್ತು ಹಿಡೀತದ."

ಪಡಸಾಲೆಯಲ್ಲಿ ಕಾಕೂ ನೆಲದ ಮೇಲೆ ಕೂತು ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದರು. ಮಂದಾರ ಎದುರಿಗೆ ಕೂತು, ಇಬ್ಬರೂ ಆಗಾಗ ಆಡುವ ಮರಾಠಿಯಲ್ಲಿ, ಹೇಗಿದ್ದೀಯೆಂದು ಕೇಳಿದ. "ಕಾಕೂ, ಕಶೀ ಆಹೇಸ್?"

ಅರ್ಥವಾಗದವರಂತೆ ಅವರು ಅವನ ಮುಖ ನೋಡಿದರು. ಹುಟ್ಟಿದಾಗಿನಿಂದ 'ಅದ' ಎನ್ನುವುದನ್ನು ಬಿಟ್ಟು 'ಐತಿ' ಎಂದು ಒಮ್ಮೆಯೂ ಹೊರಳದ ನಾಲಿಗೆ ಅದು. ಈಗ ನಿಧಾನವಾಗಿ, ಒಣಗಿದ ತುಟಿ ಒದ್ದೆ ಮಾಡಿಕೊಂಡು ಹೊರಳಿತು.

"ಮನಿ ಛಲೋ ಐತಿ ತಮ್ಮಾ. ಇಲ್ಲೀತನಕ ನೀರ ಬರೂದಿಲ್ಲಲಾ?"

ಗಾಜಿನ ಹಿಂದಿನಿಂದ ತನ್ನ ಹೆಸರು ಕೂಗಿದವರು ಯಾರೆಂಬುದು ಮಂದಾರನಿಗೆ ಆಗ ತಿಳಿಯಿತು.